ಹಿಂದಕ್ಕೆ ಒದ್ದ ಮಣ್ಣು

“ಆ ದುರ್ಬೀನ ತಗೀರಿ. ಕೊರಳಾಗ ಲಿಂಗ ಇರಬೇಕು, ಇದೇನು?” ಎಂದು ಅಣ್ಣಾಸಾಬ ಕೈ ಚಾಚಿದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ, ತೀರಿಹೋದ ಅವರ ತಮ್ಮ ಲಗಮಣ್ಣ ಮಾಸ್ತರರು ರುಮಾಲು ಸುತ್ತಿ, ವಿಭೂತಿ ಬಳಿದುಕೊಂಡು, ಇನ್ನೇನು ಯಾವುದೋ ಹಕ್ಕಿ ಬಂದೀತು ಎನ್ನುವಂತೆ ಕೂತಿದ್ದರು.

“ಲಿಂಗಾನೂ ಐತ್ರಿ ದೊಡ್ಡಪ್ಪಾರ. ಎರಡೂ ಇರಲಿ,” ಎಂದಳು ಮಗಳು ಶೈಲಾ.

ಅಣ್ಣಾಸಾಬ ಗೊಣಗುತ್ತ ಕೈ ಹಿಂತೆಗೆದರು. ಸದಲಗಾದಲ್ಲಿ ಅವರಿಗೆ ಎದುರು ಮಾತಾಡುವವರು ಕಡಿಮೆ. ಒಳಬಾಗಿಲಲ್ಲಿ ಕೂತಿದ್ದ ಮಾಸ್ತರರ ಹೆಂಡತಿ ಶಿವಗಂಗವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ದುರ್ಬೀನಿಗೇ ಇಷ್ಟು ಗದ್ದಲವಾದರೆ, ತಾನು ಗಂಡನಿಗೆ ಕೊಟ್ಟ ಮಾತಿನ ಗತಿಯೇನು? ಮದುವೆಯಾದಾಗಿನಿಂದ ಭಾವನ ಎದುರು ತಲೆಯ ಮೇಲಿನ ಸೆರಗನ್ನೂ ಜಾರಗೊಟ್ಟವಳಲ್ಲ ಅವಳು.

ಅಷ್ಟರಲ್ಲಿ ನೆರೆಮನೆಯ ಭೀಮಾಬಾಯಿ ಎದೆ ಬಡಿದುಕೊಳ್ಳುತ್ತ ಬಂದಳು. “ನಮ್ಮ ಕೋಳಿಗೆ ಇನ್ನ ಯಾರ ಗತಿರೀ ಮಾಸ್ತರ!”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕೆಲವರದು ಅಳು, ಹೆಚ್ಚಿನವರದು ನಗು. ಲಗಮಣ್ಣ ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ರಜೆ ಬಂತೆಂದರೆ ನಿಕೋಬಾರ ದ್ವೀಪಕ್ಕೆ ಹೋಗಿ, ಹೆಚ್ಚು ಜನ ಕಂಡಿರದ ಕಂದು ಬಣ್ಣದ ಹಕ್ಕಿಯೊಂದನ್ನು ಅಭ್ಯಾಸ ಮಾಡುವ ತಂಡವನ್ನು ಸೇರಿಕೊಳ್ಳುತ್ತಿದ್ದರು. ಅದು ಕೋಳಿಯಷ್ಟು ದೊಡ್ಡದು ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಊರಲ್ಲಿ ಯಾರ ಕೋಳಿ ಜೋಲು ಬಿದ್ದರೂ ಮಾಸ್ತರರ ಕಟ್ಟೆಗೆ ಬರುತ್ತಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆತನ, ಅಣ್ಣಾಸಾಬರಿಗೆ ನಾಚಿಕೆ. ಲಗಮಣ್ಣ ಮಾತ್ರ ಕೋಳಿಯ ಕೊಕ್ಕು ತೆರೆದು ನೋಡಿ, “ಬೆಳ್ಳೊಳ್ಳಿ ನೀರ ಕುಡಸ್ರಿ,” ಎನ್ನುತ್ತಿದ್ದರು. ಎಲ್ಲ ಕೋಳಿಗೂ ಅದೇ ಔಷಧ.

*

ದ್ವೀಪದಿಂದ ಮೊದಲ ಸಲ ತಿರುಗಿ ಬಂದ ದಿನ ಅವರು ಹೆಗಲ ಚೀಲವನ್ನೂ ಇಳಿಸದೆ ಅಂಗಳದಲ್ಲೇ ಶುರುಮಾಡಿದ್ದರು.

“ಆ ಹಕ್ಕಿ ಕಾವಿಗೆ ಕೂಡೂದಽ ಇಲ್ಲ ನೋಡು. ಮಣ್ಣು, ಎಲಿ ಕೂಡಿಸಿ ದೊಡ್ಡ ತಿಪ್ಪಿ ಮಾಡತೈತಿ. ಅದರಾಗ ತತ್ತಿ ಹುಗೀತೈತಿ. ತಿಪ್ಪಿ ಬಿಸಿಗೆ ಮರಿ ಆಗತೈತಿ.”

“ಮತ್ತ ಮರೀನ ಹೊರಗ ತಗಿಯವರ ಯಾರ್ರಿ?”

“ಯಾರೂ ಇಲ್ಲ. ತಾನಽ ಮಣ್ಣ ಸರಿಸಿ ಎದ್ದ ಬರತೈತಿ.”

ಅಷ್ಟಕ್ಕೇ ಬಿಡದೆ, ಪ್ಯಾಂಟು ಮೊಣಕಾಲಿಗೇರಿಸಿ, ಒಂದು ಕಾಲು ಬಿಟ್ಟು ಇನ್ನೊಂದು ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಒದ್ದು ತೋರಿಸಿದರು. ಅದು ನೇರವಾಗಿ ಹೊರಸಿನ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಶಿವಗಂಗವ್ವ ಲಟ್ಟಣಿಗೆ ಹಿಡಿದು ಬೆನ್ನಟ್ಟಿದಳು.

ಮುಂದೆ ಪ್ರತಿ ಮದುವೆಯಲ್ಲೂ ಜನ “ಮಾಸ್ತರ, ಹಕ್ಕಿ ಮಾಡ್ರಿ!” ಎಂದು ದುಂಬಾಲು ಬೀಳುವರು. ಅವರು ಮಾಡುವರು. “ಹೆಣ್ಣಹಕ್ಕೀನೂ ಒದೀತೈತಿ, ಬಾ ಇಲ್ಲೆ,” ಎಂದು ಹೆಂಡತಿಯನ್ನು ಕರೆಯುವರು. ಅವಳು ಅಡುಗೆಮನೆಗೆ ಓಡುವಳು.

ಹೋದ ವಾರ, ಎದ್ದು ಕೂರಲೂ ಆಗದಿದ್ದಾಗ, ಅವಳ ಕೈ ಹಿಡಿದು ಹೇಳಿದ್ದರು: “ನನ್ನ ಕುಣಿಗೆ ಮೊದಲಿನ ಮಣ್ಣ ನೀ ಹಾಕು. ಕೈಲೆ ಅಲ್ಲ, ಹಕ್ಕಿ ಗತೆ.”

“ಮಂದಿ ಏನಂದಾರ್ರಿ? ಭಾವಾರ ಇರತಾರ.”

“ನಾ ಒಬ್ಬನಽ ಎಷ್ಟ ವರ್ಷ ಒದೀಲಿ?”

ಅವಳಿಗೆ ನಗು ಬಂತು. ನಗುವಿನಲ್ಲೇ ಹೂಂ ಎಂದುಬಿಟ್ಟಿದ್ದಳು.

*

ಕಬ್ಬಿನ ಹೊಲದ ಅಂಚಿನಲ್ಲಿ ಕುಣಿ ತೋಡಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು. ಮಠದ ಅಯ್ಯನವರು ಪದ್ಧತಿಯಂತೆ ಲಗಮಣ್ಣನ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು; ಅಣ್ಣಾಸಾಬ ಆ ಪಾದಕ್ಕೆ ನಮಸ್ಕರಿಸಿದರು. ಕುಣಿಯಲ್ಲಿ ಕೂರಿಸಿ, ಸುತ್ತ ವಿಭೂತಿ, ಪತ್ರಿ ತುಂಬಿದ ಮೇಲೆ ಅಣ್ಣಾಸಾಬ ಹಿಡಿ ಮಣ್ಣು ತೆಗೆದರು.

“ಬಾ ತಂಗೀ. ಕೈ ಒಡ್ಡು.”

ಶಿವಗಂಗವ್ವ ಒಡ್ಡಲಿಲ್ಲ. “ಕೈಲೆ ಬ್ಯಾಡಂದಾರ್ರಿ ಭಾವಾರ. ಕಾಲಿಲೆ ಹಾಕಂದಾರ. ಆ ಹಕ್ಕಿ ಗತೆ.”

ತಾಳ ನಿಂತಿತು.

“ಸತ್ತಾವನ ಮ್ಯಾಲ ಕಾಲಿಲೆ ಮಣ್ಣ? ತಲಿ ಕೆಟ್ಟೈತೇನ? ಅಯ್ಯಾರ, ನೀವರ ಹೇಳ್ರಿ!”

ಅಯ್ಯನವರು ತಮ್ಮ ಪಾದವನ್ನೊಮ್ಮೆ ನೋಡಿಕೊಂಡರು. “ನಾ ಈಗರ ಅವನ ತಲಿ ಮ್ಯಾಲ ಕಾಲಿಟ್ಟೀನಲ್ಲೋ ಅಣ್ಣಾಸಾಬಾ. ಅದಕ್ಕ ನೀ ಕೈ ಮುಗದಿ. ಆಕಿ ಕಾಲು ಜನ್ಮಪೂರ್ತಿ ಅವನ ಜೋಡಿ ನಡದಾವು. ಹಾಕವ್ವಾ.”

ಶಿವಗಂಗವ್ವ ಚಪ್ಪಲಿ ಬಿಟ್ಟು, ನಿರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕುಣಿಗೆ ಬೆನ್ನು ಮಾಡಿ ನಿಂತಳು. ಅವರಿಲ್ಲದ ಮನೆಗೆ ತಿರುಗಿ ಹೋಗಬೇಕು ಎನ್ನುವುದು ಆಗ ನೆನಪಾಯಿತು. ಒದ್ದಳು. ಮಣ್ಣು ಕುಣಿಯ ಅಂಚನ್ನೂ ಮುಟ್ಟಲಿಲ್ಲ.

“ಜೋರ ಎವ್ವಾ! ಒಂದ ಕಾಲ ಬಿಟ್ಟ ಒಂದ!” ಎಂದಳು ಶೈಲಾ, ಅಳುತ್ತಲೇ ನಗುತ್ತ.

ಅವಳು ಮತ್ತೆ ಒದ್ದಳು. ಮತ್ತೆ. ಈ ಸಲ ಪತ್ರಿಯ ಮೇಲೆ ಮಣ್ಣು ಬಿದ್ದ ಸದ್ದು ಕೇಳಿತು. ತಲೆಯ ಸೆರಗು ಜಾರಿತ್ತು. ಸರಿಮಾಡಲು ಕೈ ಬಿಡುವಿರಲಿಲ್ಲ. ಪಕ್ಕದಲ್ಲಿ ಶೈಲಾ ಬಂದು ನಿಂತಳು, ಆಮೇಲೆ ಭೀಮಾಬಾಯಿ, ಆಮೇಲೆ ಮದುವೆಗಳಲ್ಲಿ ಹಕ್ಕಿ ನೋಡಿ ಚಪ್ಪಾಳೆ ತಟ್ಟಿದವರೆಲ್ಲ. ಭಜನೆಯವರು ಒದೆತಕ್ಕೆ ಸರಿಯಾಗಿ ತಾಳ ಎತ್ತಿಕೊಂಡರು. ಎಲ್ಲರ ಹಿಂದೆ ಮಣ್ಣು, ಎಲೆ, ಕಬ್ಬಿನ ಒಣಗರಿಯ ರವದಿ ಕೂಡಿ ಗುಡ್ಡೆ ಏಳತೊಡಗಿತು.

ಅಣ್ಣಾಸಾಬ ಹಿಡಿ ಮಣ್ಣು ಹಿಡಿದುಕೊಂಡು ಒಬ್ಬರೇ ನಿಂತಿದ್ದರು. ಮುಷ್ಟಿ ಬಿಚ್ಚಿ ಮಣ್ಣನ್ನು ಕಾಲಬುಡದಲ್ಲಿ ಸುರುವಿದರು. ಆಮೇಲೆ ಧೋತರ ಮೇಲೆತ್ತಿ ಕಟ್ಟಿ, ಕುಣಿಗೆ ಬೆನ್ನು ತಿರುಗಿಸಿದರು.