ಬಣ್ಣದ ಮೇಸ್ತ್ರಿಗೊಂದು ಟಿವಿ

ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಬಣ್ಣ ನೋಡಿದವನನ್ನು ಎಲ್ಲರೂ ಬಣ್ಣದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಒಂದೇ ನೀಲಿಯ ಎರಡು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ನಿನ್ನೆ ಅದ್ದಿದ್ದು, ಇದು ಇವತ್ತಿನದು ಎಂದು ಥಟ್ಟನೆ ಹೇಳಿಬಿಡುತ್ತಿದ್ದ. ಅಂಥವನ ಕಣ್ಣಿನ ನಟ್ಟನಡುವೆ ಈಗ ಮಸುಕು ಕೂತಿತ್ತು. ನೇರ ನೋಡಿದ್ದೆಲ್ಲ ಅಳಿಸಿಹೋಗಿ ಅಂಚಿನದಷ್ಟೇ ಉಳಿಯುತ್ತಿತ್ತು. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದ ಡಾಕ್ಟರು, ಒಳ್ಳೆಯ ದೊಡ್ಡ ಟಿವಿಯ ಹತ್ತಿರ ಕೂತರೆ ಇನ್ನೂ ಕೆಲವು ತಿಂಗಳು ಏನಾದರೂ ಕಂಡೀತು ಎಂದಿದ್ದರು. ಆ ಕೊನೆಯ ಮಾತನ್ನೇ ಗಂಡಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡರು.

ಅಂಗಡಿಯಲ್ಲಿ ಎರಡು ಒಎಲ್‌ಇಡಿ ಟಿವಿಗಳು ಅವಳಿಜವಳಿಯಂತೆ ಪಕ್ಕಪಕ್ಕ ಇದ್ದವು. ಎಡಗಡೆಯದರಲ್ಲಿ ಬೆಳಕು ಹೆಚ್ಚು, ಬಲಗಡೆಯದರಲ್ಲಿ ಕತ್ತಲೆಯೊಳಗಿನ ವಿವರ ಚೆನ್ನ ಎಂದು ಸೇಲ್ಸ್ ಹುಡುಗಿ ವಿವರಿಸಿದಳು. ಎರಡರಲ್ಲೂ ಒಂದೇ ದೃಶ್ಯ ಹಾಕಿದಳು: ಕತ್ತಲ ಕೋಣೆಯಲ್ಲಿ ದೀಪ ಹಿಡಿದು ನಡೆಯುವ ಹೆಂಗಸು. ಮೇಸ್ತ್ರಿ ಅದನ್ನು ಏಳು ಸಲ ಹಾಕಿಸಿದ. ಮುಖ ಓರೆ ಮಾಡಿದ, ಬಗ್ಗಿದ, ಮೂಗು ತಾಗುವಷ್ಟು ಹತ್ತಿರ ಹೋದ. ಅವನ ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ದಿದ್ದನ್ನು ಹೆಂಡತಿ ನೋಡುತ್ತಲೇ ಇದ್ದಳು.

ಕೊನೆಗೆ ಅವನು ಗಂಟಲು ಸರಿಮಾಡಿಕೊಂಡ.

"ಎಡಗಡೆ ಕಪ್ಪಲ್ಲಿ ಸ್ವಲ್ಪ ನೀಲಿ ಬೆರೆತಿದೆ. ಬಲಗಡೇದು ಅಪ್ಪಟ ಕಪ್ಪು. ಇದೇ ಇರಲಿ."

ಬಲಗಡೆಯ ಟಿವಿಯನ್ನು ಹುಡುಗಿ, ಹಿಂದಿನ ವೈರು ತೋರಿಸಲೆಂದು, ಆಗಲೇ ಆಫ್ ಮಾಡಿದ್ದಳು. ಅವಳು ಬಾಯಿ ತೆರೆಯುವುದರೊಳಗೆ ಹೆಂಡತಿ ಕೈ ಸನ್ನೆ ಮಾಡಿ ತಡೆದಳು. ಆದರೆ ಆ ಮೌನವೇ ಅವನಿಗೆ ಸಾಕಾಯಿತು.

"ಆಫ್ ಆಗಿದೆಯೇನೆ?"

ಸುಳ್ಳು ಹೇಳೋಣವೆಂದರೆ ಹೆಂಡತಿಗೆ ಮನಸ್ಸು ಬರಲಿಲ್ಲ. ಹೂಂ ಎಂದಳು. ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ.

"ಒಳಗೆ ಬಂದಾಗಿಂದ ನಾಟಕ ಆಡ್ತಾ ಇದೀನಿ ಕಣೆ. ನನ್ನ ಕೈಲಾಗಲ್ಲ. ನೀನೇ ಆರಿಸು."

ಮದುವೆಯಾದಾಗಿನಿಂದ ಒಂದು ಕಿಟಕಿ ಪರದೆಯ ಬಣ್ಣವನ್ನೂ ಅವಳು ಆರಿಸಿದವಳಲ್ಲ. ಎರಡು ಟಿವಿಗೂ ಅವಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೂ ಬಲಗಡೆಯದನ್ನು ಮತ್ತೆ ಆನ್ ಮಾಡಿಸಿ, ಅವನನ್ನು ಎಬ್ಬಿಸಿ, ಸ್ಟೂಲನ್ನು ಟಿವಿ ಪರದೆಗೆ ಒತ್ತಾಗಿ ಎಳೆದು ಕೂರಿಸಿ, ಗಲ್ಲ ಹಿಡಿದು ಮುಖ ತುಸು ಓರೆ ಮಾಡಿದಳು. "ದೀಪ ಎಲ್ಲಿದೆ, ಬೆರಳಿಟ್ಟು ತೋರಿಸಿ," ಎಂದಳು. ಒಂದೊಂದರಲ್ಲೂ ಹತ್ತು ಸಲ ಕೇಳಿದ್ದರಲ್ಲಿ ಎಡಗಡೆಯದರಲ್ಲಿ ನಾಲ್ಕು ಸಲ ಬೆರಳು ದೀಪದ ಮೇಲೆ ಬಿತ್ತು. ಬಲಗಡೆಯದರಲ್ಲಿ ಒಂದೇ ಸಲ. ಎಡಗಡೆಯದನ್ನೇ ಕಟ್ಟಿಕೊಡಿ ಎಂದಳು.

ಮನೆಯಲ್ಲಿ ಅದು ಎರಡು ತಿಂಗಳು ಉಪಯೋಗಕ್ಕೆ ಬಂತು. ಆಮೇಲೆ ಅಂಚೂ ಮಸುಕಾಯಿತು. ಈಗ ಅವನು ಟಿವಿಯ ಮುಂದೆ ಕೂತು ಕೇಳುತ್ತಾನೆ, ಅವಳು ಕಂಡದ್ದನ್ನು ಹೇಳುತ್ತಾಳೆ. ಹೆಂಗಸು ಕೆಂಪು ಬಟ್ಟೆ ಉಟ್ಟಿದ್ದಾಳೆ ಎಂದರೆ ಅವನಿಗೆ ಸಮಾಧಾನವಿಲ್ಲ.

"ಕೆಂಪು ಅಂದ್ರೆ? ಇಟ್ಟಿಗೆ ಕೆಂಪೋ, ರಕ್ತದ ಕೆಂಪೋ? ಸರಿಯಾಗಿ ನೋಡಿ ಹೇಳೇ."

ಅವಳು ಎದ್ದು ಪರದೆಯ ಹತ್ತಿರ ಹೋಗುತ್ತಾಳೆ. ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಎರಡೂ ಅಲ್ಲವೆಂದು ಗೊತ್ತಾಗುತ್ತದೆ, ಅದನ್ನು ಏನೆನ್ನಬೇಕೋ ತಿಳಿಯುವುದಿಲ್ಲ.