ಒಂದೇ ಬೋಗುಣಿಯಲ್ಲಿ ಎಲ್ಲರ ಕೈ

ಬೀದಿಯಲ್ಲಿ ನಲ್ಲಿ ಇದೆ, ನೀರಿಲ್ಲ. ಮೂರು ದಿನಕ್ಕೊಮ್ಮೆ ಬರುವ ಟ್ಯಾಂಕರೇ ಗತಿ. ಎದುರುಗಡೆಯ ಎತ್ತರದ ಕಟ್ಟಡದಲ್ಲಿ ಮಾತ್ರ ಕಾರು ತೊಳೆಯಲೂ ಪೈಪಿನಲ್ಲಿ ನೀರು ಸುರಿಯುತ್ತದೆ. ಇಂಥದ್ದರಲ್ಲಿ ಊರಿಗೆ ಅಂಟುರೋಗ ಬಂತು. ‘ಪದೇ ಪದೇ ಕೈ ತೊಳೆಯಿರಿ’ ಎಂದು ರೇಡಿಯೋ ಹೇಳತೊಡಗಿತು. ಯಾವ ನೀರಿನಲ್ಲಿ ಎಂದು ಹೇಳಲಿಲ್ಲ.

ಈ ಬೀದಿಯ ಇಸ್ತ್ರಿಯವನ ತಾಯಿ ಅದಕ್ಕೊಂದು ಉಪಾಯ ಮಾಡಿದ್ದಳು. ಬಾಗಿಲ ಬಳಿ ಒಂದು ಬೋಗುಣಿ, ಅದರ ತುಂಬ ಸೋಪಿನ ನೀರು. ಬೆಳಿಗ್ಗೆ ಇಟ್ಟರೆ ಸಂಜೆಯವರೆಗೂ ಅದೇ. ಎದುರಿನ ಕಟ್ಟಡದ ಮನೆಮನೆಯಿಂದ ಬಟ್ಟೆ ಗಂಟು ತರುವ ಮಗ ಅದರಲ್ಲೇ ಕೈ ಅದ್ದುತ್ತಿದ್ದ. ಸೊಸೆಯೂ ಅದರಲ್ಲೇ. ಕೊನೆಗೆ ಅಜ್ಜಿಯಾದ ತಾನೂ ಅದರಲ್ಲೇ ಅದ್ದಿ ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ, ಹಿಡಿಯಷ್ಟು ಕೂಸು ಅದು.

ಕೂಸಿನ ತೂಕ ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಬಾಗಿಲಲ್ಲೇ ಕೂಗಿದಳು.

“ಅಜ್ಜಿ, ಮಗು ಎತ್ಕೋಬೇಡಿ!”

“ನನ್ನ ಮೊಮ್ಮಗನ್ನ ಎತ್ಕೊಳ್ಳೋಕೆ ನಿನ್ನ ಅಪ್ಪಣೆ ಬೇಕಾ? ಕೈ ತೊಳ್ದಿದೀನಿ, ಕಾಣ್ಸಲ್ವಾ?”

“ಆ ನೀರಲ್ಲಿ ಎಷ್ಟು ಜನ ಕೈ ಹಾಕಿದಾರೆ?”

“ಹತ್ತು ಜನ ಹಾಕಿದ್ರೂ ಸೋಪು ಸೋಪೇ ಅಲ್ವೇನೇ?”

“ಹಾಗಾದ್ರೆ ಮಗೂಗೆ ಅದೇ ನೀರಲ್ಲಿ ಸ್ನಾನ ಮಾಡ್ಸೋಣ, ಕೊಡಿ.”

“ಥೂ! ತಲೆ ನೆಟ್ಟಗಿದೆಯಾ? ಊರ ಕೊಳೆಯೆಲ್ಲ ಅದರಲ್ಲಿದೆ!”

ಹೇಳಿದ ಮೇಲೆ ಅಜ್ಜಿ ತನ್ನ ಕೈ ತಾನೇ ನೋಡಿಕೊಂಡಳು. ಒಳಗೆ ಸೊಸೆ ಕಿಸಕ್ಕನೆ ನಕ್ಕಳು.

“ನಗು, ನಗು. ಅತ್ತೆ ಸಿಕ್ಕಿಬಿದ್ರೆ ನಿನ್ನ ಹೊಟ್ಟೆ ತಣ್ಣಗಾಗುತ್ತೆ. ಮತ್ತೇನು ಮಾಡ್ಲಿ? ಎದುರಿಗೆ ಕಾರಿಗೆ ಸ್ನಾನ, ನಮ್ಮ ಕೈಗೆ ಹನಿ ನೀರಿಲ್ಲ!”

“ನಿಮ್ಮ ಸಿಟ್ಟು ನ್ಯಾಯವಾದ್ದೇ ಅಜ್ಜಿ. ಅದನ್ನ ಸೊಸೆ ಮೇಲೆ ತೀರಿಸ್ಬೇಡಿ, ಎದುರುಗಡೆ ತಗೊಂಡು ಹೋಗಿ. ಅಲ್ಲೀವರೆಗೆ ಇದು ನೋಡಿ.”

ಅವಳು ಖಾಲಿ ಬಾಟಲಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಕಿಟಕಿಗೆ ಕಟ್ಟಿದಳು. ಮುಚ್ಚಳ ಸಡಿಲಿಸಿದರೆ ನೀರು ಎಳೆಯಾಗಿ ಸುರಿಯಿತು, ಬಿಗಿ ಮಾಡಿದರೆ ನಿಂತಿತು.

“ಮುಚ್ಚಳ ಇನ್ನೊಬ್ರು ತಿರುಗಿಸ್ಲಿ. ಕೈ ಒದ್ದೆ ಮಾಡಿ ನೀರು ನಿಲ್ಸಿ. ಸೋಪು ಹಚ್ಚಿ, ಬೆರಳ ಸಂದಿ, ಉಗುರು ಎಲ್ಲ ಉಜ್ಜಿ. ಆಮೇಲೆ ಮತ್ತೆ ನೀರು ಬಿಡಿ. ಒಂದು ಲೋಟ ಸಾಕು.”

ಮಾರನೆಯ ದಿನ ಮಗ ಬಟ್ಟೆ ಕೊಡಲು ಹೊರಟಾಗ ಅಜ್ಜಿ ಬೀದಿಯ ಹೆಂಗಸರನ್ನೂ ಕರೆದುಕೊಂಡು ಬೆನ್ನು ಹತ್ತಿದಳು.

“ಅಮ್ಮಾ, ಜಗಳ ಆಡ್ಬೇಡ. ನನ್ನ ಗಿರಾಕಿಗಳು.”

“ಜಗಳ ಯಾರಾಡ್ತಾರೆ? ಮಾತಾಡ್ತೀನಿ. ನನ್ನ ಗಂಟಲೇ ದೊಡ್ಡದು.”

ಕಟ್ಟಡದ ಕಾರ್ಯದರ್ಶಿ ಗೇಟಿಗೆ ಬಂದ.

“ನೋಡಪ್ಪ, ನೀನು ಹಾಕಿರೋ ಶರ್ಟು ನನ್ನ ಮಗ ಮುಟ್ಟಿದ್ದು. ಆ ಕೈ ತೊಳೆಯೋಕೆ ನಮ್ಮನೇಲಿ ನೀರಿಲ್ಲ. ರೋಗ ನಿಮ್ಮ ಗೇಟು ನೋಡಿ ವಾಪಸ್ ಹೋಗುತ್ತಾ?”

ಅವನು ಕಾಲರ್ ಮುಟ್ಟಿ ನೋಡಿಕೊಂಡ. “ಎಲ್ಲರನ್ನೂ ಕೇಳ್ಬೇಕು ಅಜ್ಜಿ.”

“ಕೇಳು. ಇಲ್ಲೇ ಕೂತಿರ್ತೀವಿ.”

ದೂರ ದೂರ ಕೂತರು. ಸಂಜೆಯಾದರೂ ಏಳಲಿಲ್ಲ. ಅದೇ ವಾರ ಗೇಟಿನ ಹೊರಗೋಡೆಗೆ ಬೀದಿಯವರಿಗಾಗಿ ನಲ್ಲಿ ಬಂತು.

ಅಜ್ಜಿ ಆ ನಲ್ಲಿಯಲ್ಲಿ ಉಜ್ಜಿ ಉಜ್ಜಿ ಕೈ ತೊಳೆದು ಬಂದು ಮೊಮ್ಮಗನನ್ನು ಎತ್ತಿಕೊಂಡಳು. ಅವನು ತಕ್ಷಣ ಉಚ್ಚೆ ಹೊಯ್ದ.

“ಏ ಕಳ್ಳಾ, ತೊಳೆದ ಕೈ ಇನ್ನೂ ಆರಿಲ್ವಲ್ಲೋ!” ಎಂದು ನಗುತ್ತ ಮತ್ತೆ ನಲ್ಲಿಯ ಕಡೆ ನಡೆದಳು.

ಇದನ್ನು ಓದುತ್ತಿರುವವರೇ, ಒಂದೇ ನೀರಿನಲ್ಲಿ ಎಲ್ಲರೂ ಕೈ ಅದ್ದಬೇಡಿ. ಸ್ವಲ್ಪವೇ ಆದರೂ ಸುರಿಯುವ ನೀರಿನಲ್ಲಿ, ಸೋಪು ಹಚ್ಚಿ ತೊಳೆಯಿರಿ. ನೀರು ಬಾರದಿದ್ದರೆ ಬೀದಿಯವರೆಲ್ಲ ಸೇರಿ ಹೋಗಿ ಕೇಳಿ, ಅದು ಭಿಕ್ಷೆಯಲ್ಲ. ಮನೆ ತುಂಬ ನಲ್ಲಿ ಇರುವವರೇ, ಕೈ ತೊಳೆಯಿರಿ ಎಂದು ಪಕ್ಕದವರಿಗೆ ಬುದ್ಧಿ ಹೇಳುವ ಮೊದಲು, ಒಂದು ನಲ್ಲಿ ಬೀದಿಗೆ ಕೊಡಿ.