ಅತ್ತೆಗೆ ಗೊತ್ತಾಗಬಾರದ ವಾಲ್ವ್

ತಂಗಿ ರಂಜಿನಿಗೆ ಹದಿನೇಳನೇ ವಯಸ್ಸಿನಲ್ಲಿ ಹೃದಯದ ವಾಲ್ವ್ ಕೆಟ್ಟು, ರಿಂಗ್ ಹಾಕಿ ರಿಪೇರಿ ಮಾಡಿದ್ದರು. ಮದುವೆ ಗೊತ್ತಾದಾಗ ಈ ವಿಷಯ ಅವಳ ಅತ್ತೆ ಇಂದ್ರಮ್ಮನವರ ಕಿವಿಗೆ ಬೀಳಬಾರದು ಎಂದು ತೀರ್ಮಾನಿಸಿದವಳು ನಾನೇ. ಗಂಡು ಮಹದೇವನಿಗೆ ಹೇಳಿದ್ದೆವು. ಅವನೂ “ಅಮ್ಮಂಗೆ ಬೇಡ ಬಿಡಿ” ಅಂದ. ಎದೆಯ ಹೊಲಿಗೆ ಕಾಣದ ಹಾಗೆ ಮುಚ್ಚುಕತ್ತಿನ ರವಿಕೆ ಹೊಲಿಸಿದೆವು. ನನ್ನ ಜಾಣತನಕ್ಕೆ ಬೆಂಕಿ ಬೀಳ.

ಆರು ವರ್ಷ ಹಾಗೇ ಕಳೆಯಿತು. ಈ ಯುಗಾದಿ ಮುಗಿದ ವಾರ ರಂಜಿನಿಯ ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತು. ಮಹದೇವನಿಗೆ ರಜೆ ಇರಲಿಲ್ಲ. ಹೇರೋಹಳ್ಳಿಯಿಂದ ಅತ್ತೆ ಸೊಸೆ ಆಟೋದಲ್ಲಿ ಬಂದರು. ನಾನು ಹೊಸಹಳ್ಳಿಯಿಂದ ನಡೆದುಹೋಗಿ ವಿಜಯನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವರನ್ನು ಸೇರಿಕೊಂಡೆ.

“ಬಿಪಿ, ಶುಗರ್, ಹಾರ್ಟ್ ಪ್ರಾಬ್ಲಂ ಏನಾದ್ರೂ ಇದ್ಯಾ?” ಎಂದು ಡಾಕ್ಟರು ಕೇಳಿದರು.

ರಂಜಿನಿ ನನ್ನ ಮುಖ ನೋಡಿದಳು. ಪಕ್ಕದಲ್ಲೇ ಇಂದ್ರಮ್ಮ ಕೂತಿದ್ದರು.

“ಏನೂ ಇಲ್ಲ ಡಾಕ್ಟ್ರೇ, ಗಟ್ಟಿಮುಟ್ಟಾಗಿದಾಳೆ,” ಅಂದೆ. ಹಲ್ಲು ಕಿತ್ತರು.

ಹತ್ತು ದಿನಕ್ಕೆ ಜ್ವರ ಶುರುವಾಯಿತು. ವೈರಲ್ ಇರಬೇಕು ಅಂದುಕೊಂಡು ಮೂರು ವಾರ ಮಾತ್ರೆ ನುಂಗಿಸಿದೆವು. ಉಸಿರಾಡಲು ಆಗದೆ ದೊಡ್ಡಾಸ್ಪತ್ರೆಗೆ ಸೇರಿಸಿದಾಗ, ಹಲ್ಲಿನ ಗಾಯದಿಂದ ರಕ್ತಕ್ಕೆ ಇಳಿದ ಸೋಂಕು ವಾಲ್ವಿನ ಮೇಲೆ ಕೂತು ಅದನ್ನು ತಿನ್ನುತ್ತಿದೆ ಎಂದರು.

“ಹಲ್ಲು ಕೀಳೋಕೆ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಕೊಟ್ಟಿದ್ರೆ ತಡೀಬಹುದಿತ್ತು. ಆಪರೇಷನ್ ಆಗಿರೋದು ಹೇಳ್ಲಿಲ್ವಾ ನೀವು?” ಎಂದು ಅಲ್ಲಿನ ಡಾಕ್ಟರು ಕೇಳಿದರು.

“ಅವರು ಕೇಳ್ಲೇ ಇಲ್ಲ ಸಾರ್,” ಅಂದೆ. ಆಗಲೂ ನನ್ನ ನಾಲಿಗೆಗೆ ನಾಚಿಕೆ ಇರಲಿಲ್ಲ.

“ಕೇಳಿದ್ರು,” ಅಂದರು ಹಿಂದೆ ನಿಂತಿದ್ದ ಇಂದ್ರಮ್ಮ. “ಇವಳು ಇಲ್ಲ ಅಂದ್ಳು. ನಾನೂ ಬಾಯಿ ಬಿಡ್ಲಿಲ್ಲ.”

“ನಿಮಗೆ ಗೊತ್ತಿತ್ತಾ ಅಮ್ಮಾ?” ಎಂದು ನಾನು ಅವರತ್ತ ತಿರುಗಿದೆ.

“ಮದುವೆ ಆದ ವಾರಕ್ಕೇ ನೋಡಿದೆ ಚೇತನಾ. ಮಧ್ಯಾಹ್ನ ಮಲಗಿದ್ಲು, ನೈಟಿ ಗುಂಡಿ ಬಿಚ್ಚಿತ್ತು. ಕೇಳಿದ್ರೆ ಮಗು ಹೆದರ್ಕೊಳ್ಳುತ್ತೆ, ಒಂದಿನ ತಾನೇ ಹೇಳುತ್ತೆ ಅಂತ ಸುಮ್ನಿದ್ದೆ. ಅವತ್ತು ಕ್ಲಿನಿಕ್ಕಲ್ಲಿ ಬಾಯಿ ತುದಿಗೇ ಬಂದಿತ್ತು ಕಣಮ್ಮಾ. ನೀನು ಇಲ್ಲ ಅಂದ್ಬಿಟ್ಟಿದ್ದೆ. ಹೊರಗಿನೋರ ಮುಂದೆ ನಿನ್ನ ಮಾನ ಯಾಕೆ ತೆಗೀಲಿ ಅಂತ...” ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ರಂಜಿನಿ ಆ ಶನಿವಾರ ಹೋದಳು.

ಈಗ ಇಂದ್ರಮ್ಮನವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಕೆಟ್ಟ ಅತ್ತೆಯಾಗಿದ್ದರೆ ನನ್ನ ಸುಳ್ಳಿಗೆ ಒಂದು ನೆಪವಾದರೂ ಉಳಿಯುತ್ತಿತ್ತು.